ಸ್ಲಾಟ್‌ನ ಉದ್ದ ನೋಡಿ ಮದರ್‌ಬೋರ್ಡ್ ಕೊಳ್ಳಬೇಡಿ

ಪ್ರಶ್ನೆ: ದಾವಣಗೆರೆಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುವ ಸಣ್ಣ ಸ್ಟುಡಿಯೊ ನಮ್ಮದು. ಹೊಸ ಪಿಸಿ ಜೋಡಿಸಬೇಕು. ರೈಜೆನ್ 7 7700 ಪ್ರೊಸೆಸರ್, ಎರಡೂವರೆ ಸ್ಲಾಟ್ ದಪ್ಪದ ಗ್ರಾಫಿಕ್ಸ್ ಕಾರ್ಡ್, ಎರಡು ಎನ್‌ವಿಎಂಇ ಎಸ್‌ಎಸ್‌ಡಿ ಅಂತ ಗೊತ್ತು ಮಾಡಿಕೊಂಡಿದ್ದೇವೆ. ಹಳೆಯ ಪಿಸಿಯ ಐದು ಸಾಟಾ ಹಾರ್ಡ್ ಡಿಸ್ಕ್‌ಗಳನ್ನೂ ಇದಕ್ಕೇ ಹಾಕಬೇಕು. ಮುಂದಿನ ವರ್ಷ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಸೇರಿಸುವ ಯೋಚನೆಯೂ ಇದೆ. ಅಂಗಡಿಯಲ್ಲಿ ಎರಡು ಬಿ650 ಬೋರ್ಡ್ ತೋರಿಸಿದರು: ಒಂದು ಚಿಕ್ಕ ಅಳತೆಯ ಮೈಕ್ರೊ ಎಟಿಎಕ್ಸ್, ಇನ್ನೊಂದು ಅದಕ್ಕಿಂತ ₹4,500 ದುಬಾರಿಯ, ದೊಡ್ಡ ಅಳತೆಯ ಎಟಿಎಕ್ಸ್. "ಎರಡಕ್ಕೂ ಚಿಪ್‌ಸೆಟ್ ಒಂದೇ, ಎರಡರಲ್ಲೂ ಎರಡೆರಡು ದೊಡ್ಡ ಸ್ಲಾಟ್ ಇವೆ, ಸುಮ್ಮನೆ ದುಡ್ಡು ಯಾಕೆ ಹಾಕ್ತೀರಿ" ಅಂದರು. ಅವರು ಹೇಳುವುದು ನಿಜವೇ? ಎರಡರ ಸ್ಪೆಸಿಫಿಕೇಶನ್ ಪುಟಗಳನ್ನೂ ಕಳಿಸಿದ್ದೇವೆ.

ಉತ್ತರ: ಅಂಗಡಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಚಿಪ್‌ಸೆಟ್ (ಬೋರ್ಡ್‌ನ ಸ್ಲಾಟ್, ಪೋರ್ಟ್‌ಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್) ಒಂದೇ ಆದರೆ ಹಂಚುವುದಕ್ಕೆ ಸಿಗುವ ಲೇನ್‌ಗಳ, ಅಂದರೆ ಮಾಹಿತಿ ಓಡಾಡುವ ದಾರಿಗಳ, ಸಂಖ್ಯೆ ಒಂದೇ. ಆ ಲೇನ್‌ಗಳನ್ನು ಯಾವ ಸ್ಲಾಟ್‌ಗೆ ಎಷ್ಟು ಕೊಡಬೇಕು ಅನ್ನುವುದು ಬೋರ್ಡ್ ತಯಾರಿಸುವ ಕಂಪನಿಯ ತೀರ್ಮಾನ. ಭದ್ರಾ ನಾಲೆಯ ನೀರನ್ನು ನೋಡಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ಯಾಂ ಒಂದೇ, ಕೊನೆಯ ಭಾಗದ ಗದ್ದೆಗೆ ಎಷ್ಟು ತಲುಪುತ್ತದೆ ಅನ್ನುವುದು ಬೇರೆಯೇ ಲೆಕ್ಕ.

ಹಾಗಾಗಿ ಎಷ್ಟು ಸ್ಲಾಟ್ ಇವೆ ಎಂದು ಎಣಿಸುವುದನ್ನು ಬಿಟ್ಟು, ಪ್ರತಿ ಸ್ಲಾಟ್‌ನ ತಂತಿ ಎಲ್ಲಿಂದ ಬರುತ್ತದೆ ಎಂದು ಹುಡುಕೋಣ.

ನಿಮ್ಮ 7700ರಲ್ಲಿ ಒಟ್ಟು 28 ಪಿಸಿಐ-ಇ (ಕಾರ್ಡ್, ಎಸ್‌ಎಸ್‌ಡಿಗಳು ಮಾತಾಡುವ ವ್ಯವಸ್ಥೆ) ಲೇನ್‌ಗಳಿವೆ. ಅದರಲ್ಲಿ 4 ಚಿಪ್‌ಸೆಟ್ ಜೊತೆ ಮಾತಾಡುವುದಕ್ಕೇ ಹೋಗುತ್ತವೆ. ಉಳಿದ 24ರಲ್ಲಿ 16 ಗ್ರಾಫಿಕ್ಸ್ ಸ್ಲಾಟ್‌ಗೆ, ನಾಲ್ಕು ನಾಲ್ಕರಂತೆ ಎರಡು ಎಂ.2 ಸ್ಲಾಟ್‌ಗೆ (ಎನ್‌ವಿಎಂಇ ಎಸ್‌ಎಸ್‌ಡಿ ಕೂರುವ ಜಾಗ). ನೀವು ಕಳಿಸಿದ ಎರಡೂ ಬೋರ್ಡ್‌ಗಳಲ್ಲಿ ಈ ಭಾಗ ಒಂದೇ ರೀತಿ ಇದೆ: ಮೊದಲ ಸ್ಲಾಟ್ ಎಕ್ಸ್16 (ಅಂದರೆ 16 ಲೇನ್), ಮೊದಲೆರಡು ಎಂ.2 ನೇರವಾಗಿ ಪ್ರೊಸೆಸರ್‌ಗೆ. ಅಂದರೆ ಗ್ರಾಫಿಕ್ಸ್ ಕಾರ್ಡ್ ಮತ್ತು ನಿಮ್ಮ ಎರಡು ಎನ್‌ವಿಎಂಇಗಳ ಮಟ್ಟಿಗೆ ಅಂಗಡಿಯವರ ಮಾತು ಸರಿ, ಎರಡು ಬೋರ್ಡ್‌ಗೂ ವ್ಯತ್ಯಾಸವಿಲ್ಲ.

ಇಲ್ಲೊಂದು ಎಚ್ಚರಿಕೆ. 7700 ಸ್ಟಾಕ್ ಇಲ್ಲ ಅಂತ ಯಾರಾದರೂ 8000 ಸಾಲಿನ "ಜಿ" ಪ್ರೊಸೆಸರ್ ಕೊಡಲು ಬಂದರೆ ಒಪ್ಪಬೇಡಿ. ಸಾಕೆಟ್ ಅದೇ, ಬೋರ್ಡ್‌ನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ 8700ಜಿ ಗ್ರಾಫಿಕ್ಸ್ ಸ್ಲಾಟ್‌ಗೆ 8 ಲೇನ್ ಮಾತ್ರ ಕೊಡುತ್ತದೆ, 8500ಜಿ ಬರೀ 4. ಸ್ಲಾಟ್ ನೋಡಲು ಎಕ್ಸ್16 ಆಗಿಯೇ ಇರುತ್ತದೆ. ಸ್ಪೆಸಿಫಿಕೇಶನ್ ಪುಟದಲ್ಲಿ ಒಂದೇ ಸ್ಲಾಟ್‌ಗೆ ಮೂರು ಸಾಲು ಬರೆದು, ಪ್ರತಿ ಸಾಲಿನಲ್ಲೂ ಬೇರೆ ಬೇರೆ ಪ್ರೊಸೆಸರ್ ಸರಣಿಯ ಹೆಸರು ಕೊಟ್ಟಿರುವುದು ಇದೇ ಕಾರಣಕ್ಕೆ. ನಿಮ್ಮ ಪ್ರೊಸೆಸರ್‌ನ ಸಾಲನ್ನು ಮಾತ್ರ ಓದಿ.

ವ್ಯತ್ಯಾಸ ಇರುವುದು ಚಿಪ್‌ಸೆಟ್‌ನ ಕಡೆ. ಬಿ650 ಚಿಪ್‌ಸೆಟ್ ಕೊಡುವುದು 4.0 ವೇಗದ 8 ಲೇನ್ (4.0, 3.0 ಎನ್ನುವುದು ಪಿಸಿಐ-ಇಯ ತಲೆಮಾರು, ಸಂಖ್ಯೆ ದೊಡ್ಡದಾದಷ್ಟೂ ವೇಗ ಹೆಚ್ಚು). ಅದರ ಜೊತೆ ಇನ್ನೂ 4 ಇವೆ, ಅವನ್ನು 3.0 ವೇಗದ ಲೇನ್ ಆಗಿಯಾದರೂ ಬಳಸಬಹುದು, ಸಾಟಾ ಪೋರ್ಟ್ ಆಗಿಯಾದರೂ ಬಳಸಬಹುದು, ಎರಡೂ ಆಗುವುದಿಲ್ಲ. ಎರಡೂ ಬೋರ್ಡ್‌ಗಳಲ್ಲಿ 4 ಸಾಟಾ ಪೋರ್ಟ್ ಇರುವುದರಿಂದ ಆ ನಾಲ್ಕು ಅಲ್ಲಿಗೇ ಮುಗಿದವು. ಇನ್ನು ಉಳಿದ 8ರ ಹಂಚಿಕೆ ನೋಡಿ.

ದೊಡ್ಡ ಬೋರ್ಡ್‌ನಲ್ಲಿ ಮೂರನೇ ಎಂ.2 ಸ್ಲಾಟ್ ಇದೆ, ಅದಕ್ಕೆ 4 ಹೋಯಿತು. ಎರಡನೇ ದೊಡ್ಡ ಸ್ಲಾಟ್‌ನ ಮುಂದೆ "4.0 ಎಕ್ಸ್2" ಎಂದಿದೆ, ಅದಕ್ಕೆ 2. ಲ್ಯಾನ್ ಚಿಪ್, ವೈಫೈ ಮತ್ತು ಚಿಕ್ಕ ಎಕ್ಸ್1 ಸ್ಲಾಟ್ ಸೇರಿ ಉಳಿದ 2ರಲ್ಲಿ ಬದುಕಬೇಕು. ಎರಡರಲ್ಲಿ ಮೂರು ಕೂರುವುದಿಲ್ಲವಲ್ಲ? ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಉತ್ತರವಿದೆ: ಎಕ್ಸ್1 ಸ್ಲಾಟ್‌ನಲ್ಲಿ ಕಾರ್ಡ್ ಹಾಕಿದರೆ ದೊಡ್ಡ ಸ್ಲಾಟ್ ಎಕ್ಸ್1ಕ್ಕೆ ಇಳಿಯುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಈ ವಾಕ್ಯಗಳು ಜಾಹೀರಾತಿನ ಚಿತ್ರದಲ್ಲಿ ಎಂದೂ ಇರುವುದಿಲ್ಲ.

ಚಿಕ್ಕ ಬೋರ್ಡ್‌ನಲ್ಲಿ ಮೂರನೇ ಎಂ.2 ಇಲ್ಲ. ಹಾಗಾಗಿ ಎರಡನೇ ದೊಡ್ಡ ಸ್ಲಾಟ್‌ಗೆ ಪೂರ್ತಿ "4.0 ಎಕ್ಸ್4" ಸಿಕ್ಕಿದೆ. ಲ್ಯಾನ್, ವೈಫೈ, ಎಕ್ಸ್1 ಸ್ಲಾಟ್‌ಗೆ ಒಂದೊಂದು ಲೇನ್, ಇನ್ನೂ ಒಂದು ಉಳಿಕೆ. ಕಾಗದದ ಮೇಲೆ ನೋಡಿದರೆ ಅಗ್ಗದ ಬೋರ್ಡ್‌ನ ಎರಡನೇ ಸ್ಲಾಟೇ ಹೆಚ್ಚು ಗಟ್ಟಿ!

ಹಾಗಾದರೆ 10 ಗಿಗಾಬಿಟ್ ಕಾರ್ಡ್ ಯಾವುದರಲ್ಲಿ ಸರಿಯಾಗಿ ಓಡುತ್ತದೆ? 10 ಗಿಗಾಬಿಟ್ ಎಂದರೆ ಸೆಕೆಂಡಿಗೆ 1.25 ಜಿಬಿ. ಒಂದು ಲೇನ್‌ನ ಸಾಮರ್ಥ್ಯ ಪಿಸಿಐ-ಇ 2.0ರಲ್ಲಿ ಸೆಕೆಂಡಿಗೆ ಅರ್ಧ ಜಿಬಿ, 3.0ರಲ್ಲಿ ಸುಮಾರು 1 ಜಿಬಿ, 4.0ರಲ್ಲಿ ಸುಮಾರು 2 ಜಿಬಿ. ಕಾರ್ಡ್ ಮತ್ತು ಸ್ಲಾಟ್ ಎರಡರಲ್ಲಿ ಯಾವುದು ಹಳೆಯ ತಲೆಮಾರಿನದೋ ಆ ವೇಗದಲ್ಲೇ ಮಾತುಕತೆ, ಯಾವುದರಲ್ಲಿ ಲೇನ್ ಕಡಿಮೆಯೋ ಅಷ್ಟೇ ಲೇನ್. ಎಕ್ಯೂಸಿ107 ಚಿಪ್‌ನ 10 ಗಿಗಾಬಿಟ್ ಕಾರ್ಡ್ 3.0 ಎಕ್ಸ್4. ಅದನ್ನು ದೊಡ್ಡ ಬೋರ್ಡ್‌ನ ಎಕ್ಸ್2 ಸ್ಲಾಟ್‌ಗೆ ಹಾಕಿದರೆ 3.0ರ 2 ಲೇನ್, ಸುಮಾರು 2 ಜಿಬಿ ಸಿಗುತ್ತದೆ, ಧಾರಾಳ ಸಾಕು. ಬೆಂಗಳೂರಿನ ಎಸ್‌ಪಿ ರಸ್ತೆಯ ಕಡೆ ಸೆಕೆಂಡ್ ಹ್ಯಾಂಡ್ ಸರ್ವರ್ ಕಾರ್ಡ್ ಅಗ್ಗಕ್ಕೆ ಸಿಗುತ್ತದೆ ಎಂದು ಇಂಟೆಲ್ ಎಕ್ಸ್520 ತಂದಿರೋ, ಕಥೆ ಬೇರೆ. ಅದು 2.0 ಎಕ್ಸ್8 ಕಾರ್ಡ್. ಎಕ್ಸ್2 ಸ್ಲಾಟ್‌ನಲ್ಲಿ 2.0ರ 2 ಲೇನ್, ಅಂದರೆ 1 ಜಿಬಿ. 10 ಗಿಗಾಬಿಟ್‌ಗೆ ಕೊಟ್ಟ ದುಡ್ಡಿಗೆ 8 ಗಿಗಾಬಿಟ್ ಕೂಡ ಪೂರ್ತಿ ಬರದು. ಅದೇ ಕಾರ್ಡ್ ಚಿಕ್ಕ ಬೋರ್ಡ್‌ನ ಎಕ್ಸ್4ರಲ್ಲಿ 2 ಜಿಬಿ ಪಡೆದು ನಿರಾಳವಾಗಿ ಓಡುತ್ತದೆ. ಹಳೆಯ ಸರ್ವರ್ ಕಾರ್ಡ್ ಕೊಳ್ಳುವುದೇ ಆದರೆ ವಿಂಡೋಸ್ 11ಕ್ಕೆ ಡ್ರೈವರ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಜೊತೆಗೆ, ಆ ಕಾರ್ಡ್‌ಗಳು ಸರ್ವರ್‌ನ ಬಿರುಗಾಳಿಯಂಥ ಫ್ಯಾನ್‌ಗಳ ಮುಂದೆ ಕೂರಲೆಂದು ಮಾಡಿದವು. ಸಾಮಾನ್ಯ ಕ್ಯಾಬಿನೆಟ್‌ನಲ್ಲಿ ಎದುರಿಗೊಂದು ಫ್ಯಾನ್ ಇಲ್ಲದಿದ್ದರೆ ಕಾದು ಸಂಪರ್ಕ ಕಡಿದುಕೊಳ್ಳುತ್ತವೆ.

ಇಷ್ಟಾದ ಮೇಲೆ ಅಗ್ಗದ್ದೇ ತೆಗೆದುಕೊಳ್ಳಿ ಎನ್ನಬೇಕಿತ್ತು. ಅಡ್ಡ ಬರುವುದು ಗ್ರಾಫಿಕ್ಸ್ ಕಾರ್ಡ್‌ನ ದಪ್ಪ ಮತ್ತು ನಿಮ್ಮ ಐದನೇ ಹಾರ್ಡ್ ಡಿಸ್ಕ್.

ಕ್ಯಾಬಿನೆಟ್‌ನ ಹಿಂಬದಿಯ ಪಟ್ಟಿಗಳ ಅಂತರ 20.32 ಮಿಮೀ. ಮೈಕ್ರೊ ಎಟಿಎಕ್ಸ್‌ನಲ್ಲಿ ಅಂಥ ಸ್ಥಾನ 4, ಎಟಿಎಕ್ಸ್‌ನಲ್ಲಿ 7. ಎರಡೂವರೆ ಸ್ಲಾಟ್‌ನ ಕಾರ್ಡ್ ಎಂದರೆ ಸುಮಾರು 50 ಮಿಮೀ. ಲೆಕ್ಕದಲ್ಲಿ ಅರ್ಧ ಎಂದಿದ್ದರೂ ಅದು ಮೂರು ಸ್ಥಾನವನ್ನು ನುಂಗುತ್ತದೆ. ಚಿಕ್ಕ ಬೋರ್ಡ್‌ನ ಫೋಟೊದ ಮೇಲೆ ಒಂದು ಪಟ್ಟಿ ಕಾಗದ ಇಟ್ಟು ನೋಡಿ. ಬೋರ್ಡ್‌ನ ಉದ್ದ 244 ಮಿಮೀ ಎಂದು ಗೊತ್ತಿರುವುದರಿಂದ ಅದರ ಐದನೇ ಒಂದು ಭಾಗದಷ್ಟು ಅಗಲದ ಪಟ್ಟಿ ಕತ್ತರಿಸಿದರೆ ಅದೇ ನಿಮ್ಮ ಗ್ರಾಫಿಕ್ಸ್ ಕಾರ್ಡ್. ಮೊದಲ ಸ್ಲಾಟ್‌ನಿಂದ ಕೆಳಕ್ಕೆ ಅದನ್ನು ಇಟ್ಟರೆ ಮೂರನೇ ಸ್ಥಾನದ ಎಕ್ಸ್1 ಸ್ಲಾಟ್ ಪೂರ್ತಿ ಮುಚ್ಚಿಹೋಗುತ್ತದೆ. ನಾಲ್ಕನೇ ಸ್ಥಾನದ ದೊಡ್ಡ ಸ್ಲಾಟ್ ಉಳಿಯುತ್ತದೆ ನಿಜ, ಆದರೆ ಅಲ್ಲಿ ಕೂತ ನೆಟ್‌ವರ್ಕ್ ಕಾರ್ಡ್ ಗ್ರಾಫಿಕ್ಸ್ ಕಾರ್ಡ್‌ನ ಫ್ಯಾನ್‌ಗೆ ಬೆರಳಗಲದ ದೂರದಲ್ಲಿರುತ್ತದೆ. ಫ್ಯಾನ್‌ಗೆ ಗಾಳಿ ಕಡಿಮೆ, ನೆಟ್‌ವರ್ಕ್ ಕಾರ್ಡ್‌ಗೆ ಬಿಸಿ ಹೆಚ್ಚು. ರಾತ್ರಿಯಿಡೀ ರೆಂಡರ್‌ಗೆ ಬಿಡುವ ಸ್ಟುಡಿಯೊಗೆ ಇದು ಒಳ್ಳೆಯ ಜೋಡಣೆಯಲ್ಲ.

ಐದನೇ ಡಿಸ್ಕ್‌ಗೆ ಎರಡೂ ಬೋರ್ಡ್‌ನಲ್ಲಿ ಪೋರ್ಟ್ ಇಲ್ಲ. ಎಎಸ್‌ಎಂ1064 ಚಿಪ್‌ನ ಎಕ್ಸ್1 ಸಾಟಾ ಕಾರ್ಡ್ ಹಾಕಬಹುದು, ನಾಲ್ಕು ಪೋರ್ಟ್ ಸಿಗುತ್ತವೆ, ನಾಲ್ಕಕ್ಕೂ ಸೇರಿ ಸೆಕೆಂಡಿಗೆ ಸುಮಾರು 1 ಜಿಬಿ. ಒಂದು ಹಾರ್ಡ್ ಡಿಸ್ಕ್ ಎಳೆಯುವುದು ಹೆಚ್ಚೆಂದರೆ 200–280 ಎಂಬಿ, ತೊಂದರೆಯಿಲ್ಲ. ಆದರೆ ಚಿಕ್ಕ ಬೋರ್ಡ್‌ನಲ್ಲಿ ಆ ಕಾರ್ಡ್ ಹಾಕಬೇಕಾದ ಸ್ಲಾಟ್ ಗ್ರಾಫಿಕ್ಸ್ ಕಾರ್ಡ್‌ನ ಕೆಳಗೆ ಹೂತುಹೋಗಿದೆ. ದೊಡ್ಡ ಬೋರ್ಡ್‌ನಲ್ಲಿ ಎಕ್ಸ್1 ಸ್ಲಾಟ್ ನಾಲ್ಕನೇ ಸ್ಥಾನದಲ್ಲಿ ಖಾಲಿ ಇದೆ, ಆದರೆ ಅದನ್ನು ಬಳಸಿದರೆ ನೆಟ್‌ವರ್ಕ್ ಕಾರ್ಡ್‌ನ ಸ್ಲಾಟ್ ಎಕ್ಸ್1 ಆಗುತ್ತದೆ, 3.0 ವೇಗದ ಕಾರ್ಡ್‌ಗೆ ಆಗ ಸಿಗುವುದು 1 ಜಿಬಿಗಿಂತ ಸ್ವಲ್ಪ ಕಡಿಮೆ. ಇದಕ್ಕೆ ದಾರಿ ಮೂರನೇ ಎಂ.2. ಎಎಸ್‌ಎಂ1166 ಚಿಪ್ ಇರುವ, 2280 ಅಳತೆಯ ಎಂ.2 ಅಡಾಪ್ಟರ್ ಸಿಗುತ್ತದೆ, ಅದರಲ್ಲಿ 6 ಸಾಟಾ ಪೋರ್ಟ್. ಅದನ್ನು ಹಾಕಿದರೆ ಎಕ್ಸ್1 ಸ್ಲಾಟ್ ಮುಟ್ಟಬೇಕಾಗಿಯೇ ಇಲ್ಲ, ನೆಟ್‌ವರ್ಕ್ ಕಾರ್ಡ್‌ನ 2 ಲೇನ್ ಉಳಿಯುತ್ತದೆ. ಪಟ್ಟಿ ತೆಳುವಾದ್ದರಿಂದ ಆರು ಕೇಬಲ್‌ಗಳ ಭಾರಕ್ಕೆ ಬಾಗುತ್ತದೆ. ಕೇಬಲ್‌ಗಳನ್ನು ಹತ್ತಿರದ ಯಾವುದಾದರೂ ಕಂಬಿಗೆ ಟ್ಯಾಗ್ ಹಾಕಿ ಕಟ್ಟಿ.

ಐದು ಡಿಸ್ಕ್‌ನ ಹಟ ನಿಮ್ಮದಾಗಿದ್ದರೆ ₹4,500 ಕೊಟ್ಟು ಎಟಿಎಕ್ಸ್ ತೆಗೆದುಕೊಳ್ಳಿ, ಮೂರನೇ ಎಂ.2 ಒಂದಕ್ಕೇ ಆ ದುಡ್ಡು ಸಲ್ಲುತ್ತದೆ. ಅದಕ್ಕೂ ಮುಂಚೆ ಆ ಐದು ಡಿಸ್ಕ್‌ಗಳ ವಯಸ್ಸು ನೋಡಿ. ಎರಡು ಚಿಕ್ಕ ಹಳೆಯ ಡಿಸ್ಕ್‌ಗಳ ಮಾಲನ್ನು ಒಂದು ಹೊಸ ದೊಡ್ಡ ಡಿಸ್ಕ್‌ಗೆ ಸುರಿದರೆ ಸಂಖ್ಯೆ ನಾಲ್ಕಕ್ಕೆ ಇಳಿಯುತ್ತದೆ, ಆಗ ಎರಡು ಸ್ಲಾಟ್ ದಪ್ಪದ ಗ್ರಾಫಿಕ್ಸ್ ಕಾರ್ಡ್ ಆರಿಸಿದರೆ ಚಿಕ್ಕ ಬೋರ್ಡೇ ಸಾಕು. ಹಳೆಯ ಪಿಸಿಯಲ್ಲಿ ಡಿಸ್ಕ್‌ಗಳನ್ನು ಮದರ್‌ಬೋರ್ಡ್‌ನ ರೇಡ್‌ನಲ್ಲಿ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಏರ್ಪಾಡು) ಕಟ್ಟಿದ್ದರೆ ಮಾತ್ರ ಬಿಚ್ಚುವ ಮುಂಚೆ ಬ್ಯಾಕಪ್ ಆಗಲೇಬೇಕು. ಇಂಟೆಲ್ ಬೋರ್ಡ್‌ನಲ್ಲಿ ಕಟ್ಟಿದ ರೇಡ್ ಎಎಂಡಿ ಬೋರ್ಡ್‌ಗೆ ಹಾಕಿದರೆ ತೆರೆಯುವುದಿಲ್ಲ, ವಿಂಡೋಸ್ "ಡಿಸ್ಕ್ ಫಾರ್ಮ್ಯಾಟ್ ಮಾಡಲೇ?" ಎಂದು ಕೇಳುತ್ತದೆ, ಅಭ್ಯಾಸಬಲದಿಂದ ಹೌದು ಎಂದರೆ ಮದುವೆಗಳೆಲ್ಲ ಹೋದವು.

ಚಿಪ್‌ಸೆಟ್ ಹಿಂದಿನದೆಲ್ಲ ಸೇರಿ ಪ್ರೊಸೆಸರ್‌ಗೆ ಹೋಗುವುದು 4.0ರ 4 ಲೇನ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ. ಐದು ಡಿಸ್ಕ್ ಒಟ್ಟಿಗೆ ಓಡಿ ನೆಟ್‌ವರ್ಕ್ ಕೂಡ ತುಂಬಿ ಹರಿದರೂ ಮೂರು ಜಿಬಿ ದಾಟದು. ಆದ್ದರಿಂದ ಅಲ್ಲಿ ಇಕ್ಕಟ್ಟಾಗುವ ಭಯವಿಲ್ಲ. ಎಡಿಟಿಂಗ್‌ನ ಕ್ಯಾಶ್ ಮತ್ತು ಚಾಲ್ತಿ ಪ್ರಾಜೆಕ್ಟ್ ಇರುವ ಎಸ್‌ಎಸ್‌ಡಿಯನ್ನು ಪ್ರೊಸೆಸರ್‌ಗೆ ನೇರ ಇರುವ ಎಂ.2ರಲ್ಲೇ ಇಡಿ, ಅಷ್ಟೇ.

ಎಂ.2 ಬಗ್ಗೆ ಇನ್ನೆರಡು ಮಾತು. ಹಳೆಯ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಎಂ.2 ಎಸ್‌ಎಸ್‌ಡಿಯ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಅದು ಬಹುಮಟ್ಟಿಗೆ ಸಾಟಾ ಜಾತಿಯದು. ನಿಮ್ಮ ಎರಡೂ ಬೋರ್ಡ್‌ಗಳ ಎಂ.2 ಪಿಸಿಐ-ಇ ಮಾತ್ರ. ಅದು ಕೂರುತ್ತದೆ, ಸ್ಕ್ರೂ ಕೂಡ ಹಿಡಿಯುತ್ತದೆ, ಬಯಾಸ್‌ನಲ್ಲಿ ಮಾತ್ರ ಕಾಣುವುದಿಲ್ಲ. ಮತ್ತೊಂದು, ಮೊದಲ ಎಂ.2 ಗ್ರಾಫಿಕ್ಸ್ ಕಾರ್ಡ್‌ನ ಮೇಲ್ಗಡೆ, ಎರಡನೆಯದು ಅದರ ಅಡಿಯಲ್ಲಿ ಇದೆ. ಎರಡನ್ನೂ ಗ್ರಾಫಿಕ್ಸ್ ಕಾರ್ಡ್ ಹಾಕುವ ಮೊದಲೇ ಕೂರಿಸಿ. ಹೀಟ್‌ಸಿಂಕ್‌ನ ಒಳಮೈಯ ಪ್ಲಾಸ್ಟಿಕ್ ಪೊರೆ ಕಿತ್ತಿರಾ ನೋಡಿ. ಅದು ಹಾಗೇ ಉಳಿದರೆ ಹೀಟ್‌ಸಿಂಕ್ ಅನ್ನುವುದು ಕಂಬಳಿಯಾಗುತ್ತದೆ. ಆಮೇಲೆ ಯಾವಾಗಲಾದರೂ ಕಾರ್ಡ್ ತೆಗೆಯುವಾಗ ಸ್ಲಾಟ್‌ನ ತುದಿಯ ಲಾಚ್‌ಗೆ ಬೆರಳು ಹೋಗದು. ಸ್ಕ್ರೂಡ್ರೈವರ್ ತೂರಿಸಿ ಬೋರ್ಡ್‌ನ ಗೆರೆಗಳನ್ನು ಕೆರೆದುಕೊಂಡವರು ಬಹಳ. ಮರದ ಐಸ್‌ಕ್ರೀಂ ಕಡ್ಡಿ ಬಳಸಿ.

ಈಗ ವಿದ್ಯುತ್ ಕಡೆ. ನಿಮ್ಮ ಪ್ರೊಸೆಸರ್ 65 ವ್ಯಾಟ್‌ನದು. ಬೋರ್ಡ್‌ನ ಮೇಲ್ತುದಿಯಲ್ಲಿ 8 ಪಿನ್‌ನ ಎರಡು ಸಾಕೆಟ್ ಇದ್ದರೂ ಒಂದು ತುಂಬಿದರೆ ಸಾಕು, ಎರಡನೆಯದು ಖಾಲಿ ಇದ್ದರೆ ಗಾಬರಿ ಬೇಡ. ತಪ್ಪುವುದು ಬೇರೆ ಕಡೆ. ಪ್ರೊಸೆಸರ್‌ನ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ 8 ಪಿನ್ ಅಣ್ಣತಮ್ಮಂದಿರಂತೆ ಕಾಣುತ್ತವೆ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಪ್ರೊಸೆಸರ್‌ನದು 4+4 ಆಗಿ ಸೀಳುತ್ತದೆ, ಗ್ರಾಫಿಕ್ಸ್‌ನದು 6+2 ಆಗಿ. ಬಲ ಹಾಕಬೇಕಾಗಿ ಬಂದರೆ ಕೈ ನಿಲ್ಲಿಸಿ, ಅದು ತಪ್ಪು ಕೇಬಲ್.

ಐದು ಡಿಸ್ಕ್ ಇರುವುದರಿಂದ ಇನ್ನೊಂದು ಲೆಕ್ಕ: 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕೆಲವು ಸೆಕೆಂಡು 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಐದೂ ಒಟ್ಟಿಗೆ ಏಳುವುದರಿಂದ 10 ಆಂಪಿಯರ್. ಅಷ್ಟನ್ನೂ ಒಂದೇ ಸಾಟಾ ಪವರ್ ಕೇಬಲ್‌ಗೆ ನೇತುಹಾಕಬೇಡಿ, ಪವರ್ ಸಪ್ಲೈಯಿಂದ ಬರುವ ಎರಡು ಬೇರೆ ಕೇಬಲ್‌ಗೆ ಹಂಚಿ. ಮೋಲೆಕ್ಸ್‌ನಿಂದ (ಹಳೆಯ ಮಾದರಿಯ ನಾಲ್ಕು ಪಿನ್‌ನ ಪವರ್ ಪ್ಲಗ್) ಸಾಟಾಕ್ಕೆ ಬದಲಿಸುವ ಅಗ್ಗದ ಅಡಾಪ್ಟರ್‌ಗಳಲ್ಲಿ ತಂತಿಯನ್ನು ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದು ಮಾಡಿದವು ಒಳಗೇ ಶಾರ್ಟ್ ಆಗಿ ಕರಗುತ್ತವೆ. ಹಳೆಯ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಪವರ್ ಸಪ್ಲೈಯ ಕೇಬಲ್‌ಗಳನ್ನು ಹೊಸದಕ್ಕೆ ಹಾಕಲೇಬೇಡಿ, ಪ್ಲಗ್ ಸರಿಯಾಗಿ ಕೂತರೂ ಸರಿ. ಡಿಸ್ಕ್ ಕಡೆಯ ತುದಿಗೆ ಮಾನದಂಡವಿದೆ, ಪವರ್ ಸಪ್ಲೈ ಕಡೆಯ ತುದಿಗೆ ಯಾವ ಮಾನದಂಡವೂ ಇಲ್ಲ. 5 ವೋಲ್ಟ್ ಹೋಗಬೇಕಾದ ಕಡೆ 12 ಹೋದರೆ ಐದು ಡಿಸ್ಕ್ ಒಂದೇ ಕ್ಷಣದಲ್ಲಿ ಮುಗಿಯುತ್ತವೆ.

ಸಾಟಾ ಪೋರ್ಟ್ ಯಾವ ದಿಕ್ಕಿಗಿದೆ ಅನ್ನುವುದನ್ನೂ ನೋಡಿ. ಚಿಕ್ಕ ಬೋರ್ಡ್‌ನಲ್ಲಿ ಎರಡು ಪೋರ್ಟ್ ಮೇಲ್ಮುಖವಾಗಿ, ಉದ್ದದ ಗ್ರಾಫಿಕ್ಸ್ ಕಾರ್ಡ್‌ನ ಬಾಲದ ಕೆಳಗೇ ಇವೆ. ಅಲ್ಲಿಗೆ ನೇರ ಪ್ಲಗ್ ಹೋಗದು, ಅಡ್ಡಕ್ಕೆ ಬಾಗಿದ ಎಲ್ ಆಕಾರದ ಪ್ಲಗ್ ಬೇಕು. ದೊಡ್ಡ ಬೋರ್ಡ್‌ನಲ್ಲಿ ಪೋರ್ಟ್‌ಗಳು ಅಂಚಿಗೆ ಮುಖ ಮಾಡಿ ಒಂದರ ಮೇಲೊಂದಿವೆ. ಅಲ್ಲಿ ಅದೇ ಎಲ್ ಪ್ಲಗ್ ಪಕ್ಕದ ಪೋರ್ಟನ್ನು ಮುಚ್ಚಿಹಾಕುತ್ತದೆ, ನೇರದ್ದೇ ಬೇಕು.

ಕ್ಯಾಬಿನೆಟ್‌ನ ಮುಂಭಾಗದ ಕೇಬಲ್‌ಗಳ ವಿಚಾರಕ್ಕೆ ಬಂದರೆ, ಬೋರ್ಡ್‌ನ ಕೆಳ ಅಂಚಿನಲ್ಲಿ ಐದೈದರ ಎರಡು ಸಾಲಿನ ಹೆಡರ್‌ಗಳು (ಕೇಬಲ್ ಸಿಕ್ಕಿಸುವ ಪಿನ್‌ಗಳ ಗುಂಪು) ಒಂದೇ ತರ ಕಾಣುತ್ತವೆ. ಯಾವ ಪಿನ್ ಇಲ್ಲ ಎಂಬುದೇ ಗುರುತು: 9ನೆಯದು ಇಲ್ಲದ್ದು ಯುಎಸ್‌ಬಿ 2.0, 8ನೆಯದು ಇಲ್ಲದ್ದು ಆಡಿಯೊ, 10ನೆಯದು ಇಲ್ಲದ್ದು ಪವರ್ ಬಟನ್ ಮತ್ತು ದೀಪಗಳದು. ಈ ಕೊನೆಯದರಲ್ಲಿ 6 ಮತ್ತು 8 ಪವರ್ ಬಟನ್. ಬಟನ್‌ಗೆ ದಿಕ್ಕಿಲ್ಲ, ಹೇಗೆ ಹಾಕಿದರೂ ನಡೆಯುತ್ತದೆ, ದೀಪಗಳಿಗೆ ಮಾತ್ರ ಪ್ಲಸ್ ಮೈನಸ್ ನೋಡಬೇಕು. 19 ಪಿನ್‌ನ ಯುಎಸ್‌ಬಿ 3 ಹೆಡರ್ ಇಡೀ ಬೋರ್ಡ್‌ನ ದುರ್ಬಲ ಅಂಗ. ಪ್ಲಗ್ ದಪ್ಪ, ಕೇಬಲ್ ಗಡುಸು, ಪಿನ್ ಸೂಜಿಯಂತೆ. ಓರೆಯಾಗಿ ಒತ್ತಿದರೆ ಪಿನ್ ಮಡಚುತ್ತದೆ. ಜೋರಾಗಿ ಎಳೆದರೆ ಹೆಡರ್‌ನ ಪ್ಲಾಸ್ಟಿಕ್ ಚೌಕಟ್ಟೇ ಪ್ಲಗ್ ಜೊತೆ ಕಿತ್ತುಬರುತ್ತದೆ. ಮುಂಭಾಗದಲ್ಲಿ ಟೈಪ್-ಸಿ ಇರುವ ಕ್ಯಾಬಿನೆಟ್ ಕೊಳ್ಳುವಿರಾದರೆ ಅದಕ್ಕೆ ಬೇರೆಯದೇ ಚಿಕ್ಕ ಹೆಡರ್ ಬೇಕು. ನಿಮ್ಮ ಚಿಕ್ಕ ಬೋರ್ಡ್‌ನಲ್ಲಿ ಅದಿಲ್ಲ, ದೊಡ್ಡದರಲ್ಲಿದೆ. ಕ್ಯಾಮೆರಾ ಕಾರ್ಡ್ ರೀಡರ್ ದಿನವೂ ಹಾಕಿ ತೆಗೆಯುವವರಿಗೆ ಮುಂದಿನ ಆ ಒಂದು ಪೋರ್ಟ್ ಹಿಂದಿನ ನಾಲ್ಕಕ್ಕೆ ಸಮ.

ಬಣ್ಣದ ದೀಪಗಳ ಹೆಡರ್‌ನಲ್ಲಿ 4 ಪಿನ್‌ನದು 12 ವೋಲ್ಟ್, ಮಧ್ಯೆ ಒಂದು ಪಿನ್ ಖಾಲಿ ಬಿಟ್ಟ 3 ಪಿನ್‌ನದು 5 ವೋಲ್ಟ್. 5ರ ಪಟ್ಟಿಯನ್ನು 12ಕ್ಕೆ ಕೊಟ್ಟರೆ ಸುಟ್ಟುಹೋಗುತ್ತದೆ. ಫ್ಯಾನ್ ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತಡೆಯುತ್ತದೆ, ಸ್ಪ್ಲಿಟರ್ ಹಾಕುವುದಾದರೆ ಫ್ಯಾನ್‌ಗಳ ಹಿಂದೆ ಬರೆದಿರುವುದನ್ನು ಕೂಡಿ ನೋಡಿ.

ರ‍್ಯಾಮ್ ಸ್ಲಾಟ್ ನಾಲ್ಕಿವೆ ಎಂದು ನಾಲ್ಕನ್ನೂ ತುಂಬುವ ಆಸೆ ಬೇಡ. 7700ಕ್ಕೆ ಎಎಂಡಿ ಒಪ್ಪಿರುವ ವೇಗ ಎರಡು ಪಟ್ಟಿಗೆ 5200, ನಾಲ್ಕು ಪಟ್ಟಿಗೆ 3600. 64 ಜಿಬಿ ಬೇಕಿದ್ದರೆ 32ರ ಎರಡು ತನ್ನಿ, ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಮೆಮೊರಿ ಹೊಂದಿಸಿಕೊಳ್ಳುತ್ತಿರುತ್ತದೆ, ಕೆಟ್ಟಿತೆಂದು ಮಧ್ಯದಲ್ಲಿ ಆಫ್ ಮಾಡಬೇಡಿ.

ಜೋಡಿಸಿದ ಮೇಲೆ ಲೆಕ್ಕ ತಾಳೆ ನೋಡಿ. ಜಿಪಿಯು-ಝೀ ಎಂಬ ಸಾಫ್ಟ್‌ವೇರ್ ತೆರೆದರೆ ಬಸ್ ಇಂಟರ್‌ಫೇಸ್ ಎಂಬಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಎಷ್ಟು ಲೇನ್ ಸಿಕ್ಕಿದೆ ಎಂದು ಬರುತ್ತದೆ. ಸುಮ್ಮನಿದ್ದಾಗ ಅದು 1.1 ವೇಗ ತೋರಿಸುವುದು ವಿದ್ಯುತ್ ಉಳಿತಾಯಕ್ಕೆ, ಪಕ್ಕದ ಪ್ರಶ್ನಾರ್ಥಕ ಒತ್ತಿ ರೆಂಡರ್ ಪರೀಕ್ಷೆ ಓಡಿಸಿದರೆ 4.0ಕ್ಕೆ ಏರಬೇಕು. ಲೇನ್ ಸಂಖ್ಯೆ ಮಾತ್ರ ಆಗಲೂ ಈಗಲೂ 16 ಇರಬೇಕು. 8 ಎಂದು ಬಂದರೆ ಮೊದಲು ಕಾರ್ಡ್ ಬಿಚ್ಚಿ ಮತ್ತೆ ಕೂರಿಸಿ. ಭಾರಕ್ಕೆ ಜೋತುಬಿದ್ದ ಕಾರ್ಡ್ ಅರ್ಧ ಸಂಪರ್ಕ ಕಳೆದುಕೊಳ್ಳುವುದುಂಟು. ಕೆಲವು ಗ್ರಾಫಿಕ್ಸ್ ಕಾರ್ಡ್‌ಗಳು, ಉದಾಹರಣೆಗೆ ಆರ್‌ಟಿಎಕ್ಸ್ 4060, ಹುಟ್ಟಿನಿಂದಲೇ 8 ಲೇನ್‌ನವು, ಅದಕ್ಕೆ ಬೋರ್ಡ್ ಹೊಣೆಯಲ್ಲ. ಎಸ್‌ಎಸ್‌ಡಿಗಳಿಗೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಸಾಫ್ಟ್‌ವೇರ್‌ನಲ್ಲಿ ಟ್ರಾನ್ಸ್‌ಫರ್ ಮೋಡ್ ನೋಡಿ. ಈಗಿನದು, ಗರಿಷ್ಠದ್ದು ಎರಡೂ ಅಕ್ಕಪಕ್ಕ ಬರೆದಿರುತ್ತದೆ.

ಇನ್ನು ಅಂಗಡಿಯ ಕೌಂಟರ್‌ನಲ್ಲೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ ಮಾದರಿಯಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನಲ್ಲಲ್ಲ, ಬೋರ್ಡ್‌ನ ಸಾಕೆಟ್‌ನಲ್ಲಿ, 1718. ಬಿಲ್ ಮಾಡಿಸುವ ಮೊದಲು ಕಪ್ಪು ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನಾಲ್ಕೂ ಕಡೆಯಿಂದ ನೋಡಿ. ಎಲ್ಲ ಪಿನ್‌ಗಳೂ ಒಂದೇ ಹೊಳಪಿನ ಸಾಲುಗಳಾಗಿ ಕಾಣಬೇಕು. ಎಲ್ಲಾದರೂ ಒಂದು ಚುಕ್ಕೆ ಕಪ್ಪಾಗಿಯೋ ಹೆಚ್ಚು ಮಿಂಚಿಯೋ ಕಂಡರೆ ಅಲ್ಲಿ ಬಾಗಿದೆ, ಬೇರೆ ಪೀಸ್ ಕೇಳಿ. ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಪ್ರೊಸೆಸರ್ ಕೂರಿಸಿದ ಮೇಲೆ ಆ ಮುಚ್ಚಳವನ್ನು ಕಸಕ್ಕೆ ಹಾಕದೆ ಪೆಟ್ಟಿಗೆಯಲ್ಲೇ ಇಡಿ. ಬೋರ್ಡನ್ನು ವಾರಂಟಿಗೆ ಕಳಿಸಬೇಕಾಗಿ ಬಂದಾಗ ಸರ್ವಿಸ್ ಸೆಂಟರ್‌ನವರು ಮೊದಲು ಕೇಳುವುದು ಅದನ್ನೇ.